ದನಿಗಳ ಸಂಗ್ರಾಹಕ ಫ್ರೆಡ್ ಗೈಸ್‌ಬರ್ಗ್

ಶಿಲ್ಪಿಯ ಕೃತಿಯು ಕಲ್ಲಿನಲ್ಲಿ ಉಳಿಯುತ್ತದೆ. ಕವಿಯ ಕೃತಿಯು ಓಲೆಯಲ್ಲಿಯೋ ಕಾಗದದಲ್ಲಿಯೋ ಉಳಿಯುತ್ತದೆ. ಗಾಯಕನ ಕಲೆಯಾದರೋ ಹುಟ್ಟಿದ ಗಳಿಗೆಯಲ್ಲಿಯೇ ಗಾಳಿಯಲ್ಲಿ ಕರಗಿಹೋಗುವಂಥದು. ಪುರಂದರದಾಸರ ಪದಗಳು ಇಂದಿಗೂ ಜನರ ನಾಲಗೆಯ ಮೇಲಿವೆ. ಆದರೆ ದಾಸರ ಕಂಠ ಹೇಗಿತ್ತೆಂಬುದನ್ನು ಬಲ್ಲವರಿಲ್ಲ. ತಾನ್‌ಸೇನನ ಕೀರ್ತಿ ಉಳಿದಿದೆ; ಆತನ ಆಲಾಪನೆ ಉಳಿದಿಲ್ಲ. ಸಾವಿರಾರು ವರ್ಷಗಳ ಕಾಲ ಜಗತ್ತಿನ ಎಲ್ಲ ಗಾಯಕರ ಪಾಡೂ ಇದೇ ಆಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಈ ಸ್ಥಿತಿ ಬದಲಾಯಿತು. ದನಿಯನ್ನು ಹಿಡಿದಿಡುವ ಯಂತ್ರಗಳನ್ನು ವಿಜ್ಞಾನಿಗಳು ಕಂಡುಹಿಡಿದರು. ಆದರೆ ಯಂತ್ರವೊಂದರಿಂದಲೇ ಸಂಗೀತ ಉಳಿಯಲಾರದು. ಯಾರ ದನಿಯನ್ನು ಉಳಿಸಬೇಕೆಂಬುದನ್ನು ಅರಿತು, ದೇಶದೇಶಗಳನ್ನು ಅಲೆದು, ಗಾಯಕರ ಮನವೊಲಿಸಿ, ಅವರನ್ನು ಆ ಯಂತ್ರದ ಮುಂದೆ ತಂದು ನಿಲ್ಲಿಸುವವನೊಬ್ಬನು ಬೇಕಾಗಿತ್ತು. ಆ ಕೆಲಸಕ್ಕೆ ತನ್ನ ಜೀವಮಾನವನ್ನೇ ಮುಡಿಪಾಗಿಟ್ಟವನು ಫ್ರೆಡ್ ಗೈಸ್‌ಬರ್ಗ್.

ಫ್ರೆಡರಿಕ್ ವಿಲಿಯಂ ಗೈಸ್‌ಬರ್ಗ್ 1873ರ ಜನವರಿ 1ರಂದು ಅಮೆರಿಕದ ರಾಜಧಾನಿಯಾದ ವಾಷಿಂಗ್ಟನ್ ನಗರದಲ್ಲಿ ಜನಿಸಿದನು. ಅವನ ಮನೆತನದ ಹಿರಿಯರು ಜರ್ಮನಿಯಿಂದ ವಲಸೆ ಬಂದವರು. ತಂದೆ ಸರ್ಕಾರಿ ಮುದ್ರಣಾಲಯದಲ್ಲಿ ನೌಕರನಾಗಿದ್ದನು. ಬಾಲಕ ಫ್ರೆಡ್ ಎಳವೆಯಲ್ಲಿಯೇ ಪಿಯಾನೊ ನುಡಿಸುವುದನ್ನು ಕಲಿತನು. ಚರ್ಚಿನ ಗಾಯಕವೃಂದದಲ್ಲಿ ಹಾಡಿದನು. ಆ ಕಾಲದಲ್ಲಿ ವಾಷಿಂಗ್ಟನ್ನಿನ ನೌಕಾದಳದ ವಾದ್ಯವೃಂದವು ಬಹು ಪ್ರಸಿದ್ಧವಾಗಿತ್ತು. ಜಾನ್ ಫಿಲಿಪ್ ಸೂಸ ಎಂಬ ಖ್ಯಾತ ಸಂಗೀತಗಾರನು ಅದರ ನಾಯಕನಾಗಿದ್ದನು. ಆ ವಾದ್ಯವೃಂದವು ಬಯಲಿನಲ್ಲಿ ನುಡಿಸುವಾಗ ಹುಡುಗನು ತಪ್ಪದೆ ಹೋಗಿ, ನಾಯಕನ ಸಮೀಪದಲ್ಲಿಯೇ ನಿಂತು ಕೇಳುತ್ತಿದ್ದನು. ಹೀಗೆ ಅವನ ಕಿವಿ ಹದಗೊಂಡಿತು.

ಥಾಮಸ್ ಎಡಿಸನ್ 1877ರಲ್ಲಿ ಫೋನೊಗ್ರಾಫನ್ನು ನಿರ್ಮಿಸಿದ್ದನು. ಮುಂದೆ ಇತರರು ಅದನ್ನು ಸುಧಾರಿಸಿ ಮೇಣದ ಉರುಳೆಗಳ ಮೇಲೆ ದನಿಯನ್ನು ಕೊರೆಯುವ ಯಂತ್ರಗಳನ್ನು ತಯಾರಿಸಿದರು. ಇಂಥ ಯಂತ್ರಗಳ ವ್ಯಾಪಾರಕ್ಕಾಗಿ ವಾಷಿಂಗ್ಟನ್ನಿನಲ್ಲಿ ಕೊಲಂಬಿಯ ಫೋನೊಗ್ರಾಫ್ ಕಂಪನಿಯು ಸ್ಥಾಪನೆಯಾಯಿತು. ಗೈಸ್‌ಬರ್ಗನು ಇನ್ನೂ ಶಾಲೆಯಲ್ಲಿ ಓದುತ್ತಿರುವಾಗಲೇ ಅಲ್ಲಿ ಪಿಯಾನೊ ನುಡಿಸುವ ಕೆಲಸಕ್ಕೆ ಸೇರಿದನು. ಸಿಳ್ಳೆಯಲ್ಲಿ ರಾಗಗಳನ್ನು ನುಡಿಸಬಲ್ಲ ಸರ್ಕಾರಿ ಗುಮಾಸ್ತನೊಬ್ಬನಿಗೆ ಅವನು ಪಕ್ಕವಾದ್ಯಗಾರನಾದನು. ಪ್ರತಿಯೊಂದು ಉರುಳೆಯ ಆರಂಭದಲ್ಲಿಯೂ ಕಲಾವಿದರ ಹೆಸರನ್ನು ಕೂಗಿ ಹೇಳುವುದು ಆಗಿನ ರೂಢಿಯಾಗಿತ್ತು. ಮೀಸೆ ಮೂಡದ ಈ ಹುಡುಗನನ್ನು ಅಲ್ಲಿ ಪ್ರೊಫೆಸರ್ ಗೈಸ್‌ಬರ್ಗ್ ಎಂದು ಘೋಷಿಸುತ್ತಿದ್ದರು.

ಉರುಳೆಗಳಲ್ಲಿ ದೊಡ್ಡದೊಂದು ಕೊರತೆಯಿತ್ತು. ಒಂದು ಉರುಳೆಯಿಂದ ಹಲವು ಪ್ರತಿಗಳನ್ನು ತೆಗೆಯುವ ಸುಲಭೋಪಾಯ ಆಗ ಇರಲಿಲ್ಲ. ಮೂರು ಯಂತ್ರಗಳನ್ನು ಸಾಲಾಗಿ ಇಟ್ಟು ಒಮ್ಮೆ ಹಾಡಿದರೆ ಮೂರು ಉರುಳೆಗಳು ಸಿದ್ಧವಾಗುತ್ತಿದ್ದುವು. ಇನ್ನೂ ಮೂರು ಬೇಕಾದರೆ ಅದೇ ಹಾಡನ್ನು ಮತ್ತೊಮ್ಮೆ ಹಾಡಬೇಕು. ಗಾಯಕನು ದಿನವಿಡೀ ಒಂದೇ ಹಾಡನ್ನು ಹಾಡಿ ಹಾಡಿ ಬಳಲುತ್ತಿದ್ದನು. ಇಂಥ ದುಡಿಮೆಗೆ ದೊಡ್ಡ ಕಲಾವಿದರು ಒಪ್ಪುವುದು ಸಾಧ್ಯವೇ ಇರಲಿಲ್ಲ. ಆದುದರಿಂದ ದನಿ ಹಿಡಿಯುವ ಯಂತ್ರವು ಜಾತ್ರೆ ಸಂತೆಗಳಲ್ಲಿ ಕಾಸು ಹಾಕಿ ಕೇಳುವ ವಿನೋದದ ವಸ್ತುವಾಗಿಯೇ ಉಳಿದಿತ್ತು.

ಈ ಕೊರತೆಯನ್ನು ನೀಗಿಸಿದವನು ಎಮಿಲ್ ಬರ್ಲಿನರ್. ಜರ್ಮನಿಯ ಹ್ಯಾನೋವರಿನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದು ನೆಲೆಸಿದ್ದ ಈ ಸಂಶೋಧಕನು 1887ರಲ್ಲಿ ಗ್ರಾಮಫೋನಿಗೆ ಹಕ್ಕುಪತ್ರವನ್ನು ಪಡೆದನು. ಅವನು ಉರುಳೆಯನ್ನು ಕೈಬಿಟ್ಟು ಚಪ್ಪಟೆಯಾದ ತಟ್ಟೆಯನ್ನು ಬಳಸಿದನು. ಮೇಣದಂಥ ತೆಳುಲೇಪವಿದ್ದ ಸತುವಿನ ತಟ್ಟೆಯ ಮೇಲೆ ದನಿಯ ಗೆರೆಗಳನ್ನು ಗೀಚಿ, ಆ ಗೆರೆಗಳನ್ನು ಆಮ್ಲದಿಂದ ಕೊರೆದು, ಅದರಿಂದ ಲೋಹದ ಅಚ್ಚೊಂದನ್ನು ತಯಾರಿಸುತ್ತಿದ್ದನು. ಆ ಒಂದು ಅಚ್ಚಿನಿಂದ ಸಾವಿರಾರು ತಟ್ಟೆಗಳನ್ನು ಒತ್ತಬಹುದಾಗಿತ್ತು. ಮುದ್ರಣಯಂತ್ರವು ಗ್ರಂಥಕ್ಕೆ ಮಾಡಿದ ಉಪಕಾರವನ್ನು ಈ ತಟ್ಟೆಯು ಸಂಗೀತಕ್ಕೆ ಮಾಡಿತು. ಗಾಯಕನು ಒಮ್ಮೆ ಚೆನ್ನಾಗಿ ಹಾಡಿದರೆ ಸಾಕು, ಲೋಕವೆಲ್ಲ ಅದನ್ನು ಕೇಳಬಹುದಾಯಿತು. ಬರ್ಲಿನರನ ಪ್ರಯೋಗಶಾಲೆಯಲ್ಲಿ ಆ ತಟ್ಟೆಯ ಸ್ಪಷ್ಟವಾದ ದನಿಯನ್ನು ಕೇಳಿದ ಗೈಸ್‌ಬರ್ಗನು ಬೆರಗಾದನು. ಉರುಳೆಗಳಿಗೆ ವಿದಾಯ ಹೇಳಿ ಬರ್ಲಿನರನ ಸಹಾಯಕನಾದನು.

ಸಂಶೋಧಕನ ಸಹಾಯಕನಿಗೆ ಒಂದೇ ಕೆಲಸವೆಂಬುದಿರಲಿಲ್ಲ. ಗಾಯಕರನ್ನು ಹುಡುಕಿ ತರುವುದು, ಪಿಯಾನೊ ನುಡಿಸುವುದು, ಆಮ್ಲದ ತೊಟ್ಟಿಯಲ್ಲಿ ತಟ್ಟೆಗಳನ್ನು ಅದ್ದುವುದು, ಹಣವುಳ್ಳವರ ಮುಂದೆ ಯಂತ್ರವನ್ನು ಪ್ರದರ್ಶಿಸುವುದು, ಇವೆಲ್ಲವೂ ಅವನ ಪಾಲಿಗೆ ಬಂದುವು. ಮೊದಲು ಗಟ್ಟಿಗೊಳಿಸಿದ ರಬ್ಬರಿನಿಂದ ತಟ್ಟೆಗಳನ್ನು ಒತ್ತುತ್ತಿದ್ದರು. ಆದರೆ ಅವುಗಳ ಮೇಲ್ಮೈ ಎಲ್ಲ ಕಡೆಯೂ ಸಮನಾಗಿ ಬರುತ್ತಿರಲಿಲ್ಲ. ಕೊನೆಗೆ ಗುಂಡಿಗಳನ್ನು ತಯಾರಿಸುವ ಕಾರ್ಖಾನೆಯೊಂದರಲ್ಲಿ ಬಳಕೆಯಲ್ಲಿದ್ದ ಅರಗಿನ ಮಿಶ್ರಣವು ಈ ಕೆಲಸಕ್ಕೆ ಹೇಳಿಮಾಡಿಸಿದಂತಿದೆಯೆಂದು ಕಂಡುಬಂದಿತು. ಆ ಅರಗು ಹೆಚ್ಚಾಗಿ ಹೋಗುತ್ತಿದ್ದುದು ಭಾರತದ ಕಾಡುಗಳಿಂದಲೇ. ಮುಂದಿನ ಸುಮಾರು 50 ವರ್ಷಗಳ ಕಾಲ ಜಗತ್ತಿನ ಹಾಡುಗಳೆಲ್ಲ ನಮ್ಮ ದೇಶದ ಮರಗಳ ಮೇಲೆ ಪುಟ್ಟ ಕೀಟಗಳು ಸ್ರವಿಸಿದ ಅರಗಿನ ಮೇಲೆಯೇ ಅಚ್ಚಾದುವು.

1898ರಲ್ಲಿ ಬರ್ಲಿನರನ ಹಕ್ಕುಗಳನ್ನು ಪಡೆದು ಲಂಡನ್ನಿನಲ್ಲಿ ಗ್ರಾಮಫೋನ್ ಕಂಪನಿಯು ಪ್ರಾರಂಭವಾಯಿತು. ಅದಕ್ಕೆ ಧ್ವನಿಮುದ್ರಣವನ್ನು ಬಲ್ಲವನೊಬ್ಬನು ಬೇಕಾದನು. ಬರ್ಲಿನರನು 25 ವರ್ಷದ ಗೈಸ್‌ಬರ್ಗನನ್ನು ಹಡಗು ಹತ್ತಿಸಿದನು. ಧ್ವನಿಮುದ್ರಣದ ಸಲಕರಣೆಗಳು, ಟಿಪ್ಪಣಿಗಳಿಂದ ತುಂಬಿದ ಒಂದು ಪುಸ್ತಕ, ಒಂದು ಸೈಕಲ್ಲು, ಇಷ್ಟೇ ಅವನ ಗಂಟು. ಲಂಡನ್ನಿನ ಮೇಡನ್ ಲೇನ್ ಎಂಬ ಕಿರುಬೀದಿಯಲ್ಲಿ, ಹಳೆಯ ಹೋಟೆಲಿನ ಕಟ್ಟಡವೊಂದರಲ್ಲಿ ಅವನು ತನ್ನ ಯಂತ್ರವನ್ನು ಹೂಡಿದನು. ಪಕ್ಕದ ಉಪಾಹಾರಗೃಹದಲ್ಲಿ ಕೆಲಸಕ್ಕಿದ್ದ ಸಿರಿಯಾ ಲಮಾಂಟ್ ಎಂಬ ಗಾಯಕಿಯು ಅಲ್ಲಿ ಮೊದಮೊದಲು ಹಾಡಿದವರಲ್ಲಿ ಒಬ್ಬಳು. ಕೆಲವು ವರ್ಷಗಳಲ್ಲಿಯೇ ಯುರೋಪಿನ ಸಂಗೀತಲೋಕದ ಚಕ್ರವರ್ತಿಗಳನ್ನೆಲ್ಲ ಬರಮಾಡಿಕೊಳ್ಳಲಿದ್ದ ಸಂಸ್ಥೆಯ ಆರಂಭವು ಇಷ್ಟು ಸಾಮಾನ್ಯವಾಗಿತ್ತು.

ಆ ಕಾಲದ ಧ್ವನಿಮುದ್ರಣದ ಕ್ರಮವನ್ನು ಅರಿತರೆ ಗೈಸ್‌ಬರ್ಗನ ಕೆಲಸದ ಕಷ್ಟವು ಮನದಟ್ಟಾಗುತ್ತದೆ. ಆಗ ವಿದ್ಯುತ್ತಿನ ಧ್ವನಿಗ್ರಾಹಕವಾದ ಮೈಕ್ ಇರಲಿಲ್ಲ. ಗೋಡೆಯಿಂದ ಹೊರಚಾಚಿದ ತಗಡಿನ ದೊಡ್ಡ ಕೊಂಬೊಂದಿರುತ್ತಿತ್ತು. ಗಾಯಕನು ಅದರ ಬಾಯಿಗೆ ಮುಖವೊಡ್ಡಿ ಗಟ್ಟಿಯಾಗಿ ಹಾಡಬೇಕು. ಅವನ ದನಿಯ ಒತ್ತಡದಿಂದಲೇ ಕೊಂಬಿನ ಕೊನೆಯಲ್ಲಿದ್ದ ತೆಳುಪೊರೆ ನಡುಗಿ, ಅದಕ್ಕೆ ತಗುಲಿದ ಮುಳ್ಳು ತಿರುಗುವ ತಟ್ಟೆಯ ಮೇಲೆ ಗೆರೆ ಕೊರೆಯುತ್ತಿತ್ತು. ತಾರಸ್ಥಾಯಿಯಲ್ಲಿ ಜೋರಾಗಿ ಹಾಡಿದರೆ ಮುಳ್ಳು ಗೆರೆಯಿಂದ ಜಿಗಿಯುತ್ತಿತ್ತು. ಮೆಲ್ಲಗೆ ಹಾಡಿದರೆ ಏನೂ ಮೂಡುತ್ತಿರಲಿಲ್ಲ. ಆದುದರಿಂದ ಗೈಸ್‌ಬರ್ಗನು ಗಾಯಕನ ಪಕ್ಕದಲ್ಲಿಯೇ ನಿಂತು, ತೋಳು ಹಿಡಿದು, ದನಿ ಏರುವಾಗ ಹಿಂದಕ್ಕೆ ಸೆಳೆದು, ಇಳಿಯುವಾಗ ಮುಂದಕ್ಕೆ ತಳ್ಳಬೇಕಾಗಿತ್ತು. ಮೂರು ಮೂರೂವರೆ ನಿಮಿಷಗಳಲ್ಲಿ ತಟ್ಟೆ ಮುಗಿದುಹೋಗುತ್ತಿತ್ತು. ನಡುವೆ ಒಂದು ಕೆಮ್ಮು ಬಂದರೂ ಮತ್ತೆ ಮೊದಲಿನಿಂದಲೇ ಹಾಡಬೇಕು. ರಂಗಮಂದಿರಗಳಲ್ಲಿ ಸಾವಿರಾರು ಜನರ ಕರತಾಡನಕ್ಕೆ ಒಗ್ಗಿದ್ದ ಗಾಯಕರಿಗೆ ತಗಡಿನ ಕೊಂಬೊಂದರ ಮುಂದೆ ನಿಂತು ಹಾಡುವುದೆಂದರೆ ಅವಮಾನವೆನಿಸುತ್ತಿತ್ತು. ಅವರ ಅಳುಕನ್ನು ಕಳೆಯುವ ಸಮಾಧಾನ ಮತ್ತು ವಿನಯಗಳು ಗೈಸ್‌ಬರ್ಗನ ನಿಜವಾದ ಬಂಡವಾಳವಾಗಿದ್ದುವು.

1899ರಿಂದ ಅವನ ಸಂಚಾರ ಆರಂಭವಾಯಿತು. ಬುಡಾಪೆಸ್ಟ್, ವಿಯೆನ್ನ, ಮಿಲಾನ್, ಪ್ಯಾರಿಸ್, ಮ್ಯಾಡ್ರಿಡ್ ನಗರಗಳಿಗೆ ಅವನು ಯಂತ್ರವನ್ನು ಹೊತ್ತು ಹೋದನು. ರಷ್ಯಕ್ಕೂ ಹೋಗಿಬಂದನು. ಉತ್ತಮ ಕಲಾವಿದರ ತಟ್ಟೆಗಳನ್ನು ಹೆಚ್ಚಿನ ಬೆಲೆಗೆ ಕೊಳ್ಳುವ ಜನರಿದ್ದಾರೆಂಬುದು ಅಲ್ಲಿ ಸ್ಪಷ್ಟವಾಯಿತು. ಅಂಥ ತಟ್ಟೆಗಳಿಗೆ ಕೆಂಪು ಚೀಟಿಯನ್ನು ಅಂಟಿಸುವ ಪದ್ಧತಿಯು ರಷ್ಯದಲ್ಲಿಯೇ 1901ರಲ್ಲಿ ಮೊದಲಾಗಿ, ಬಳಿಕ ಇತರ ದೇಶಗಳಿಗೆ ಹರಡಿತು. ರಷ್ಯದ ಹೆಸರಾಂತ ಗಾಯಕನಾದ ಫ್ಯೋದರ್ ಶಲ್ಯಾಪಿನ್ ಗೈಸ್‌ಬರ್ಗನಿಗೆ ಬಹುಕಾಲದ ಆಪ್ತಮಿತ್ರನಾದನು.

ಅವನ ವಿವೇಚನೆಗೂ ಧೈರ್ಯಕ್ಕೂ ಸಾಕ್ಷಿಯಾದ ಪ್ರಸಂಗವು 1902ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ನಡೆಯಿತು. ಅಲ್ಲಿನ ಲಾ ಸ್ಕಾಲ ರಂಗಮಂದಿರದಲ್ಲಿ ಎನ್ರಿಕೊ ಕರೂಸೊ ಎಂಬ ತರುಣ ಗಾಯಕನು ಹಾಡುತ್ತಿದ್ದನು. ಅವನ ಕಂಠವನ್ನು ಕೇಳಿದೊಡನೆ, ಇದು ಕೊಂಬಿಗೆಂದೇ ಹುಟ್ಟಿದ ದನಿಯೆಂದು ಗೈಸ್‌ಬರ್ಗನಿಗೆ ಹೊಳೆಯಿತು. ಕರೂಸೊ 10 ಹಾಡುಗಳಿಗೆ 100 ಪೌಂಡುಗಳನ್ನು ಕೇಳಿದನು. ಆ ದಿನಗಳಲ್ಲಿ ಅದು ದೊಡ್ಡ ಮೊತ್ತ. ಗೈಸ್‌ಬರ್ಗನು ಲಂಡನ್ನಿಗೆ ತಂತಿ ಕಳುಹಿಸಿದಾಗ, ಈ ಸಂಭಾವನೆ ಮಿತಿಮೀರಿದ್ದೆಂದೂ ಧ್ವನಿಮುದ್ರಣ ಮಾಡಕೂಡದೆಂದೂ ಮರುತಂತಿ ಬಂದಿತೆಂದು ಅವನು ಮುಂದೆ ತನ್ನ ನೆನಪುಗಳಲ್ಲಿ ಬರೆದಿದ್ದಾನೆ. ಅವನು ಆ ಆಜ್ಞೆಯನ್ನು ಪಾಲಿಸಲಿಲ್ಲ. ಏಪ್ರಿಲ್ 11ರಂದು ಗ್ರ್ಯಾಂಡ್ ಹೋಟೆಲಿನ ಕೋಣೆಯೊಂದರಲ್ಲಿ ಕರೂಸೊ ಒಂದೇ ಮಧ್ಯಾಹ್ನದಲ್ಲಿ ಹತ್ತೂ ಹಾಡುಗಳನ್ನು ಹಾಡಿ, ಹಣವನ್ನು ಎಣಿಸಿಕೊಂಡು ಹೊರಟುಹೋದನು. ಇಟಲಿಯ ಮಹಾಸಂಗೀತಕಾರನಾದ ವರ್ದಿಯು ಹಿಂದಿನ ವರ್ಷವಷ್ಟೇ ಅದೇ ಹೋಟೆಲಿನಲ್ಲಿ ಕೊನೆಯುಸಿರೆಳೆದಿದ್ದನು.

ಆ ಹತ್ತು ತಟ್ಟೆಗಳು ಗ್ರಾಮಫೋನಿನ ಭವಿಷ್ಯವನ್ನೇ ಬದಲಿಸಿದುವು. ಅವು ಕರೂಸೋನ ಕೀರ್ತಿಯನ್ನು ದೇಶದೇಶಗಳಿಗೆ ಹರಡಿದುವು. ಆಟಿಕೆಯೆಂದು ಹೀಗಳೆಯುತ್ತಿದ್ದ ಯಂತ್ರದತ್ತ ಇತರ ದೊಡ್ಡ ಗಾಯಕರೂ ತಿರುಗಿ ನೋಡಿದರು. ತನ್ನ ಮೇಲಧಿಕಾರಿಗಳಿಗೆ ಕೇವಲ ಖರ್ಚಾಗಿ ಕಂಡದ್ದು ಗೈಸ್‌ಬರ್ಗನ ಕಿವಿಗೆ ಸಂಪತ್ತಾಗಿ ಕೇಳಿಸಿತ್ತು.

ಅದೇ ವರ್ಷ ಕಂಪನಿಯು ಅವನಿಗೆ ಇನ್ನೂ ದೊಡ್ಡದೊಂದು ಹೊಣೆಯನ್ನು ವಹಿಸಿತು. ಏಷ್ಯದ ದೇಶಗಳಲ್ಲಿ ಗ್ರಾಮಫೋನನ್ನು ಮಾರಬೇಕಾದರೆ ಅಲ್ಲಿನ ಜನರ ಹಾಡುಗಳೇ ತಟ್ಟೆಗಳಲ್ಲಿರಬೇಕು. ಇಟಲಿಯ ಹಾಡಿಗಾಗಿ ಕಲ್ಕತ್ತೆಯ ಗೃಹಸ್ಥನು ಯಂತ್ರವನ್ನು ಕೊಳ್ಳಲಾರನು. ಈ ವ್ಯಾಪಾರದ ಲೆಕ್ಕಾಚಾರವೇ ಗೈಸ್‌ಬರ್ಗನ ಪೂರ್ವದೇಶಗಳ ಯಾತ್ರೆಗೆ ಕಾರಣವಾಯಿತು. 1902ರ ಸೆಪ್ಟೆಂಬರಿನಲ್ಲಿ ಅವನು ಸಹಾಯಕರೊಡನೆ ಲಂಡನ್ನಿನಿಂದ ಹೊರಟು ಅಕ್ಟೋಬರ್ ಕೊನೆಯ ಹೊತ್ತಿಗೆ ಕಲ್ಕತ್ತೆಯನ್ನು ತಲುಪಿದನು.

ಕಲ್ಕತ್ತೆಯಲ್ಲಿ ಅವನಿಗೆ ಒಂದು ವಿಚಿತ್ರವಾದ ಸಂಗತಿ ಕಂಡುಬಂದಿತು. ಅಲ್ಲಿ ಬಹುಕಾಲದಿಂದ ನೆಲೆಸಿದ್ದ ಆಂಗ್ಲರಿಗೆ ಆ ನಾಡಿನ ಸಂಗೀತದ ಗಂಧವೇ ಇರಲಿಲ್ಲ. ಒಳ್ಳೆಯ ಗಾಯಕರು ಯಾರೆಂದು ಕೇಳಿದರೆ ಹೇಳಬಲ್ಲವರಿಲ್ಲ. ಬೇರೊಂದು ಗ್ರಹದಲ್ಲಿ ವಾಸಿಸುವವರಂತೆ ಅವರು ತಮ್ಮ ಬಡಾವಣೆಗಳೊಳಗೇ ಬದುಕುತ್ತಿದ್ದರು. ಗೈಸ್‌ಬರ್ಗನಿಗೂ ಭಾರತೀಯ ಸಂಗೀತ ತಿಳಿದಿರಲಿಲ್ಲ. ಆದರೆ ತಿಳಿಯದುದನ್ನು ಕೇಳುವ ಕುತೂಹಲ ಅವನಲ್ಲಿತ್ತು. ಅವನು ಊರಿನವರ ನೆರವು ಪಡೆದು ನಾಟಕಶಾಲೆಗಳಿಗೆ, ಮದುವೆಯ ಮನೆಗಳಿಗೆ, ಶ್ರೀಮಂತರ ಸಂಗೀತಕೂಟಗಳಿಗೆ ಹೋಗಿ ಕೇಳಿದನು. ಕುಲೀನ ಮನೆತನದ ಹೆಣ್ಣುಮಕ್ಕಳು ಸಭೆಯಲ್ಲಿ ಹಾಡುವುದು ಆಗ ನಿಷಿದ್ಧವಾಗಿತ್ತು. ಹಲವು ಉಸ್ತಾದರು ಯಂತ್ರಕ್ಕೆ ಹಾಡಲು ಹಿಂಜರಿಯುತ್ತಿದ್ದರು. ಗುರುಮುಖದಿಂದ ಕಲಿತ ವಿದ್ಯೆಯು ಬೀದಿಯ ಪಾಲಾದೀತೆಂಬ ಭಯ ಅವರಿಗಿತ್ತು. ಹೋಟೆಲಿನ ಎರಡು ಕೋಣೆಗಳನ್ನು ಧ್ವನಿಮುದ್ರಣಶಾಲೆಯನ್ನಾಗಿ ಮಾಡಿಕೊಂಡು ನವೆಂಬರ್ 8ರಂದು ಕೆಲಸ ಆರಂಭವಾಯಿತು. ಮೊದಲು ಹಾಡಿದವರು ನಾಟಕಶಾಲೆಯ ಇಬ್ಬರು ಎಳೆಯ ಗಾಯಕಿಯರು.

ಕೆಲವೇ ದಿನಗಳಲ್ಲಿ ಗೌಹರ್ ಜಾನ್ ಆ ಕೋಣೆಗೆ ಬಂದಳು. ಗೈಸ್‌ಬರ್ಗನು ಹುಟ್ಟಿದ 1873ರಲ್ಲಿಯೇ ಆಜಂಗಢದಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಹೆಸರು ಗಳಿಸಿದ್ದ ಈ ಗಾಯಕಿಯು ಹಲವು ಭಾಷೆಗಳಲ್ಲಿ ಹಾಡಬಲ್ಲವಳಾಗಿದ್ದಳು. ಸಭೆಯಲ್ಲಿ ಗಂಟೆಗಟ್ಟಲೆ ವಿಸ್ತರಿಸಬೇಕಾದ ಖಯಾಲು, ಠುಮ್ರಿಗಳನ್ನು ಮೂರು ನಿಮಿಷಗಳಿಗೆ ಇಳಿಸುವುದು ಹೇಗೆ? ಆನೆಯನ್ನು ಕನ್ನಡಿಯಲ್ಲಿ ತೋರಿಸುವಂಥ ಆ ಕಷ್ಟವನ್ನು ಆಕೆ ಜಾಣ್ಮೆಯಿಂದ ಗೆದ್ದಳು. ಆಲಾಪನೆಯನ್ನು ಸಂಕ್ಷೇಪಿಸಿ, ರಾಗದ ಜೀವಸ್ವರಗಳನ್ನು ಬಿಡದೆ, ತಟ್ಟೆ ಮುಗಿಯುವ ಗಳಿಗೆಗೆ ಸರಿಯಾಗಿ ಹಾಡನ್ನು ಮುಗಿಸಿದಳು. ಕೊನೆಯಲ್ಲಿ ಇಂಗ್ಲಿಷಿನಲ್ಲಿ ತನ್ನ ಹೆಸರನ್ನೂ ಹೇಳಿದಳು. ಆ ಘೋಷಣೆಗೆ ಕಾರಣವಿತ್ತು. ಭಾರತದಲ್ಲಿ ಆಗ ತಟ್ಟೆಗಳನ್ನು ಒತ್ತುವ ಕಾರ್ಖಾನೆ ಇರಲಿಲ್ಲ. ಮೇಣದ ಮೂಲಪ್ರತಿಗಳು ಹಡಗಿನಲ್ಲಿ ಜರ್ಮನಿಯ ಹ್ಯಾನೋವರಿಗೆ ಹೋಗಬೇಕಾಗಿತ್ತು. ಹಾಡಿನ ಭಾಷೆಯನ್ನರಿಯದ ಅಲ್ಲಿನ ಕೆಲಸಗಾರರು ಯಾರ ತಟ್ಟೆ ಯಾವುದೆಂದು ಗುರುತಿಸಲು ಆ ಹೆಸರು ನೆರವಾಗುತ್ತಿತ್ತು.

ಕಲ್ಕತ್ತೆಯಲ್ಲಿ ಆ ಕೆಲವು ವಾರಗಳಲ್ಲಿ 500ಕ್ಕೂ ಹೆಚ್ಚು ಧ್ವನಿಮುದ್ರಣಗಳಾದುವು. ಅವೆಲ್ಲವೂ ಉತ್ತಮವಾಗಿದ್ದುವೆಂದು ಹೇಳಲಾಗದು. ಪರಿಚಯವಿಲ್ಲದ ಸಂಗೀತದಲ್ಲಿ ಕಾಳಾವುದು ಜೊಳ್ಳಾವುದು ಎಂದು ಬೇರ್ಪಡಿಸುವುದು ಅವನಿಗೆ ಸುಲಭವಾಗಿರಲಿಲ್ಲ. ಆದರೂ 1903ರಲ್ಲಿ ಹ್ಯಾನೋವರಿನಿಂದ ತಟ್ಟೆಗಳು ಹಿಂತಿರುಗಿ ಬಂದಾಗ ಅವನ ಶ್ರಮಕ್ಕೆ ಫಲ ದೊರೆಯಿತು. ದರಬಾರುಗಳಿಗೆ, ಸಿರಿವಂತರ ಮಹಲುಗಳಿಗೆ ಮೀಸಲಾಗಿದ್ದ ಗಾಯನವು ಪೇಟೆಯ ಅಂಗಡಿಗಳಿಗೆ ಬಂದಿತು. 1904–05ರಲ್ಲಿ ಅವನ ಸಹೋದ್ಯೋಗಿಗಳು ಮದರಾಸಿನಲ್ಲಿಯೂ ಧ್ವನಿಮುದ್ರಣ ಮಾಡಿದರು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ತಟ್ಟೆಗಳನ್ನು ಒತ್ತುವ ಕಾರ್ಖಾನೆಯೇ ಆರಂಭವಾಯಿತು. ಕ್ರಮೇಣ ಗ್ರಾಮಫೋನ್ ಪ್ಲೇಟು ನಮ್ಮ ಜನರ ಮಾತಿನಲ್ಲಿ ಮನೆಯ ಪದವಾಯಿತು.

ಗೌಹರ್ ಜಾನಳ ಬಾಳಿನ ಕೊನೆಯ ಅಧ್ಯಾಯವು ಕನ್ನಡನಾಡಿಗೆ ಸೇರಿದುದು. ನಾಲ್ವಡಿ ಕೃಷ್ಣರಾಜ ಒಡೆಯರು 1928ರಲ್ಲಿ ಆಕೆಯನ್ನು ಮೈಸೂರಿನ ಆಸ್ಥಾನಕ್ಕೆ ಬರಮಾಡಿಕೊಂಡರು. ಒಂದು ಕಾಲದಲ್ಲಿ ಅಪಾರ ಐಶ್ವರ್ಯವನ್ನು ಕಂಡಿದ್ದ ಆಕೆ 1930ರ ಜನವರಿ 17ರಂದು ಮೈಸೂರಿನಲ್ಲಿ ಏಕಾಂಗಿಯಾಗಿ ತೀರಿಕೊಂಡಳು. ಆಕೆಯ ಸಿರಿ ಉಳಿಯಲಿಲ್ಲ. ಆಕೆಯ ಸಭೆಗಳು ಉಳಿಯಲಿಲ್ಲ. ಕಲ್ಕತ್ತೆಯ ಹೋಟೆಲಿನ ಕೋಣೆಯಲ್ಲಿ ತಗಡಿನ ಕೊಂಬಿಗೆ ಹಾಡಿದ ಆ ದನಿ ಮಾತ್ರ ಉಳಿದಿದೆ.

ಕಲ್ಕತ್ತೆಯಿಂದ ಗೈಸ್‌ಬರ್ಗನು ಇನ್ನೂ ಪೂರ್ವಕ್ಕೆ ಸಾಗಿದನು. 1903ರ ಆರಂಭದಲ್ಲಿ ಜಪಾನಿನಲ್ಲಿ ಅಲ್ಲಿನ ಅರಮನೆಯ ಪ್ರಾಚೀನ ವಾದ್ಯಸಂಗೀತವನ್ನು ಮುದ್ರಿಸಿಕೊಂಡನು. ಬಳಿಕ ಶಾಂಘೈ, ಹಾಂಗ್‌ಕಾಂಗ್, ಸಿಂಗಪುರ, ಬ್ಯಾಂಕಾಕ್, ರಂಗೂನುಗಳಲ್ಲಿ ಧ್ವನಿಮುದ್ರಣ ನಡೆಸಿದನು. ಸುಮಾರು ಒಂದು ವರ್ಷದ ಆ ಯಾತ್ರೆಯಲ್ಲಿ ಸಾವಿರಕ್ಕೂ ಮೀರಿ ಧ್ವನಿಮುದ್ರಣಗಳಾದುವು. ಪಾಶ್ಚಾತ್ಯ ಸಂಗೀತದಲ್ಲಿ ಪಳಗಿದ ಅವನ ಕಿವಿಗೆ ಕೆಲವೆಡೆಯ ಸಂಗೀತ ಬಹಳ ಕರ್ಕಶವಾಗಿಯೇ ಕೇಳಿಸಿತು. ಆದರೂ ತನಗೆ ಹಿತವಾದುದನ್ನು ಮಾತ್ರ ಉಳಿಸಬೇಕೆಂದು ಅವನು ಹಟ ಹಿಡಿಯಲಿಲ್ಲ. ಆಯಾ ನಾಡಿನವರು ಮೆಚ್ಚಿದುದನ್ನು ಇದ್ದುದು ಇದ್ದಂತೆ ತಟ್ಟೆಗೆ ಇಳಿಸಿದನು.

ಯುರೋಪಿಗೆ ಹಿಂತಿರುಗಿದ ಮೇಲೆ ಅವನ ಮುಂದೆ ಇನ್ನೊಂದು ಸವಾಲಿತ್ತು. ಆ ಕಾಲದ ಅತ್ಯಂತ ಪ್ರಸಿದ್ಧ ಗಾಯಕಿಯಾದ ಅಡೆಲಿನ ಪಟ್ಟಿಯ ದನಿಯನ್ನು ಮುದ್ರಿಸಬೇಕಾಗಿತ್ತು. ಆಕೆ ವೇಲ್ಸಿನ ಬೆಟ್ಟಗಳ ನಡುವಣ ತನ್ನ ಕೋಟೆಯನ್ನು ಬಿಟ್ಟು ಬರಲು ಒಪ್ಪಲಿಲ್ಲ. ವಯಸ್ಸು 60 ಮೀರಿತ್ತು. ಕಂಠದ ಕಾಂತಿ ಇಳಿಮುಖವಾಗಿತ್ತು. ಇನ್ನು ತಡಮಾಡಿದರೆ ಆ ದನಿ ಎಂದೆಂದಿಗೂ ಕೈತಪ್ಪುವಂತಿತ್ತು. 1905ರ ಡಿಸೆಂಬರಿನಲ್ಲಿ ಗೈಸ್‌ಬರ್ಗನು ತನ್ನ ತಮ್ಮ ವಿಲಿಯಂನೊಡನೆ ಯಂತ್ರವನ್ನು ಅಲ್ಲಿಗೇ ಸಾಗಿಸಿದನು. ಆಕೆಗೆ ಹಾಡುವ ಮನಸ್ಸಾಗುವವರೆಗೆ ಸಹೋದರರು ಕಾದು ಕುಳಿತರು. ಕೊನೆಗೆ ಆಕೆ ಹಾಡಿ, ತನ್ನ ದನಿಯು ಕೊಂಬಿನಿಂದ ಮರಳಿ ಕೇಳಿಸಿದಾಗ ಮಗುವಿನಂತೆ ಹಿಗ್ಗಿ, ಕೊಂಬಿನ ಕಡೆಗೆ ಮುತ್ತುಗಳನ್ನು ತೂರಿದಳು. ತನ್ನನ್ನು ಜನರು ಏಕೆ ಇಷ್ಟು ಮೆಚ್ಚಿದರೆಂಬುದು ಆಕೆಗೆ ಆಗ ಅರಿವಾಯಿತಂತೆ. ಜಗತ್ತೆಲ್ಲ ಕೇಳಿದ್ದ ದನಿಯನ್ನು ಹಾಡಿದವಳೇ ಅಂದಿನವರೆಗೆ ಕೇಳಿರಲಿಲ್ಲ!

ಆ ತಮ್ಮನು ಹೆಚ್ಚು ಕಾಲ ಬದುಕಲಿಲ್ಲ. ಮೊದಲನೆಯ ಮಹಾಯುದ್ಧದ ಕೊನೆಯಲ್ಲಿ, 1918ರಲ್ಲಿ ವಿಲಿಯಂ ಗೈಸ್‌ಬರ್ಗನು ಧ್ವನಿಮುದ್ರಣ ಯಂತ್ರದೊಡನೆ ಫ್ರಾನ್ಸಿನ ರಣರಂಗಕ್ಕೆ ಹೋಗಿದ್ದನು. ಹಿಂತಿರುಗಿ ಬಂದ ಕೆಲವೇ ವಾರಗಳಲ್ಲಿ, ಆ ವರ್ಷ ಜಗತ್ತನ್ನೆಲ್ಲ ವ್ಯಾಪಿಸಿದ್ದ ಇನ್‌ಫ್ಲುಯೆಂಜ ಜ್ವರಕ್ಕೆ ಅವನು ಬಲಿಯಾದನು. ಯೌವನದಿಂದಲೂ ಜೊತೆಗಿದ್ದ ತಮ್ಮನ ಮರಣವು ಗೈಸ್‌ಬರ್ಗನಿಗೆ ಭಾರಿ ಆಘಾತವನ್ನು ಉಂಟುಮಾಡಿತು. ಅವಿವಾಹಿತನಾಗಿಯೇ ಉಳಿದ ಅವನು ಅನಂತರ ತನ್ನ ಕೆಲಸದಲ್ಲಿಯೇ ಮುಳುಗಿದನು. ಹಿಸ್ ಮಾಸ್ಟರ್ಸ್ ವಾಯ್ಸ್ ಎಂಬ ಮುದ್ರೆಯಿಂದ ಪ್ರಸಿದ್ಧವಾಗಿದ್ದ ಆ ಕಂಪನಿಯಲ್ಲಿ, ಎಲ್ಲ ದೇಶಗಳ ದೊಡ್ಡ ಕಲಾವಿದರೊಡನೆ ವ್ಯವಹರಿಸುವ ಹೊಣೆ ಅವನದಾಯಿತು.

1925ರಲ್ಲಿ ವಿದ್ಯುತ್ತಿನ ಧ್ವನಿಮುದ್ರಣ ಬಂದಿತು. ಕೊಂಬು ಮರೆಯಾಗಿ ಮೈಕ್ ಅದರ ಸ್ಥಾನವನ್ನು ಪಡೆಯಿತು. ಅನೇಕರು ತಾವು ಕಲಿತ ಹಳೆಯ ವಿದ್ಯೆಯೇ ಮೇಲೆಂದು ಹೊಸದನ್ನು ದೂರುವುದುಂಟು. 50 ವರ್ಷ ದಾಟಿದ್ದ ಗೈಸ್‌ಬರ್ಗನು ಹಾಗೆ ಮಾಡಲಿಲ್ಲ. ಇನ್ನು ಮುಂದೆ ನೂರು ಜನರ ವಾದ್ಯವೃಂದವನ್ನೂ ಅದು ನುಡಿಸುವ ಸಭಾಂಗಣದಲ್ಲಿಯೇ ಮುದ್ರಿಸಬಹುದೆಂಬುದನ್ನು ಅವನು ಕೂಡಲೇ ಕಂಡುಕೊಂಡನು. 1926ರ ಜೂನ್ 8ರಂದು ಗಾಯಕಿ ನೆಲ್ಲಿ ಮೆಲ್ಬ ಲಂಡನ್ನಿನ ರಂಗಮಂದಿರಕ್ಕೆ ವಿದಾಯ ಹೇಳಿದ ಕಛೇರಿಯನ್ನು, ಆಕೆಯ ವಿದಾಯಭಾಷಣದ ಸಮೇತ, ರಂಗಮಂದಿರದಲ್ಲಿಯೇ ಮುದ್ರಿಸಲಾಯಿತು. 1931ರಲ್ಲಿ ಲಂಡನ್ನಿನ ಆ್ಯಬೆ ರಸ್ತೆಯಲ್ಲಿ ದೊಡ್ಡ ಧ್ವನಿಮುದ್ರಣಶಾಲೆಯು ಆರಂಭವಾಯಿತು. ಧ್ವನಿಮುದ್ರಣವೆಂದರೆ ಸಿಡುಕುತ್ತಿದ್ದ ಪಿಯಾನೊ ವಾದಕ ಆರ್ಥರ್ ಶ್ನಾಬೆಲನನ್ನು ಒಲಿಸಿಕೊಂಡು ಅಲ್ಲಿಗೆ ಕರೆತಂದವನೂ ಗೈಸ್‌ಬರ್ಗನೇ.

ಆ ಧ್ವನಿಮುದ್ರಣಶಾಲೆಯನ್ನು ಉದ್ಘಾಟಿಸಿದವನು ಇಂಗ್ಲೆಂಡಿನ ಹಿರಿಯ ಸಂಗೀತಕಾರ ಎಡ್ವರ್ಡ್ ಎಲ್ಗರ್. ಅವನ ಪಿಟೀಲು ಸಂಗೀತದ ಮಹಾಕೃತಿಯೊಂದನ್ನು 1932ರಲ್ಲಿ ಅವನ ನಿರ್ದೇಶನದಲ್ಲಿಯೇ 16 ವರ್ಷದ ಯೆಹೂದಿ ಮೆನುಹಿನ್ ನುಡಿಸುವಂತೆ ಗೈಸ್‌ಬರ್ಗನು ಏರ್ಪಡಿಸಿದನು. ಎರಡು ವರ್ಷಗಳ ಅನಂತರ ಎಲ್ಗರನು ವುಸ್ಟರ್ ಪಟ್ಟಣದ ತನ್ನ ಮನೆಯಲ್ಲಿ ಮರಣಶಯ್ಯೆಯನ್ನು ಹಿಡಿದಿದ್ದನು. ಆಗ ಅವನಿಗೆ ಸಂತೋಷವನ್ನುಂಟುಮಾಡಲು ಹಿಂದೆಂದೂ ನಡೆಯದಂಥ ಏರ್ಪಾಡೊಂದು ನಡೆಯಿತು. 1934ರ ಜನವರಿ 22ರಂದು ನೂರು ಮೈಲಿಗೂ ಮಿಗಿಲಾದ ದೂರದ ಲಂಡನ್ನಿನ ಧ್ವನಿಮುದ್ರಣಶಾಲೆಗೂ ರೋಗಿಯ ಕೋಣೆಗೂ ದೂರವಾಣಿಯ ತಂತಿಯ ಸಂಪರ್ಕವನ್ನು ಕಲ್ಪಿಸಲಾಯಿತು. ಅಲ್ಲಿ ವಾದ್ಯವೃಂದವು ಎಲ್ಗರನ ಕೃತಿಯನ್ನು ನುಡಿಸಿತು. ಇಲ್ಲಿ ಹಾಸಿಗೆಯ ಮೇಲೆ ಮಲಗಿದ್ದ ಎಲ್ಗರನು ಅದನ್ನು ಕೇಳಿ, ಲಯ ಎಲ್ಲಿ ಬದಲಾಗಬೇಕೆಂದು ಮೈಕಿನ ಮೂಲಕ ಸೂಚಿಸಿದನು. ಗೈಸ್‌ಬರ್ಗನು ಲಂಡನ್ನಿನಲ್ಲಿರದೆ ಮಿತ್ರನ ಹಾಸಿಗೆಯ ಬಳಿಯಲ್ಲಿಯೇ ಇದ್ದನು. ಒಂದು ತಿಂಗಳಿನಲ್ಲಿ ಎಲ್ಗರ್ ತೀರಿಕೊಂಡನು.

1938ರ ಜನವರಿ 16ರಂದು ಗೈಸ್‌ಬರ್ಗನು ವಿಯೆನ್ನದಲ್ಲಿದ್ದನು. ಗುಸ್ತಾವ್ ಮಾಲರ್ ಎಂಬ ಸಂಗೀತಕಾರನ ಒಂಬತ್ತನೆಯ ಸಿಂಫನಿಯನ್ನು ಅಂದು ವಿಯೆನ್ನದ ವಾದ್ಯವೃಂದವು ನುಡಿಸಿತು. ಮಾಲರನ ಶಿಷ್ಯಪ್ರಾಯನಾದ ಬ್ರೂನೊ ವಾಲ್ಟರ್ ಅದರ ನಿರ್ದೇಶಕ. ಪ್ರಮುಖ ಪಿಟೀಲುವಾದಕನು ಮಾಲರನ ಭಾವಮೈದುನನಾದ ಆರ್ನಾಲ್ಡ್ ರೋಸೆ. ಇವರು ಯೆಹೂದ್ಯರು. ನಾಜಿಗಳ ಜರ್ಮನಿಯು ಆಸ್ಟ್ರಿಯದ ಗಡಿಯಲ್ಲಿ ಹೊಂಚು ಹಾಕುತ್ತಿದ್ದ ಕಾಲವದು. ಕಛೇರಿಯು ನಡೆಯುತ್ತಿದ್ದಂತೆಯೇ ಅದನ್ನು 20 ಮಗ್ಗುಲುಗಳ ತಟ್ಟೆಗಳಿಗೆ ಇಳಿಸಲಾಯಿತು. ಎರಡು ತಿಂಗಳೊಳಗೆ ಜರ್ಮನ್ ಸೈನ್ಯವು ಆಸ್ಟ್ರಿಯವನ್ನು ಹೊಕ್ಕಿತು. ವಾಲ್ಟರನು ದೇಶಭ್ರಷ್ಟನಾದನು. ದಶಕಗಳ ಕಾಲ ಆ ವಾದ್ಯವೃಂದವನ್ನು ಮುನ್ನಡೆಸಿದ್ದ ರೋಸೆ ಮುಪ್ಪಿನಲ್ಲಿ ಲಂಡನ್ನಿಗೆ ಓಡಿಬಂದನು. ಆ ದಿನ ನುಡಿಸಿದವರು ಮತ್ತೆ ಎಂದೂ ಹಾಗೆ ಒಂದೆಡೆ ಸೇರಲಿಲ್ಲ. ಗೈಸ್‌ಬರ್ಗನು ಪರೀಕ್ಷಾರ್ಥ ತಟ್ಟೆಗಳನ್ನು ಪ್ಯಾರಿಸ್ಸಿಗೆ ಕೊಂಡೊಯ್ದು ವಾಲ್ಟರನಿಗೆ ಕೇಳಿಸಿದನು. ಒಂದು ನಗರದ ಸಂಗೀತಪರಂಪರೆಯೇ ಚದರಿಹೋಗುವ ಮುನ್ನ ಅದರ ಒಂದು ಸಂಜೆಯು ಹೀಗೆ ಉಳಿಯಿತು.

1939ರಲ್ಲಿ ಗೈಸ್‌ಬರ್ಗನು ನಿವೃತ್ತನಾದನು. ಆದರೂ ಸಲಹೆಗಾರನಾಗಿ ಕಂಪನಿಯ ಸಂಬಂಧವನ್ನು ಉಳಿಸಿಕೊಂಡನು. 1942ರಲ್ಲಿ ಅವನ ನೆನಪುಗಳ ಗ್ರಂಥವು ಪ್ರಕಟವಾಯಿತು. 1951ರ ಸೆಪ್ಟೆಂಬರ್ 2ರಂದು ಲಂಡನ್ನಿನಲ್ಲಿ ಅವನು ನಿಧನ ಹೊಂದಿದನು. ಆಗ ಅವನಿಗೆ 78 ವರ್ಷ.

ಗೈಸ್‌ಬರ್ಗನು ಸಂತನಲ್ಲ, ವ್ಯಾಪಾರಸಂಸ್ಥೆಯೊಂದರ ಅಧಿಕಾರಿ. ತಟ್ಟೆಗಳು ಮಾರಾಟವಾಗಬೇಕೆಂಬುದೇ ಅವನನ್ನು ದೇಶದೇಶಗಳಿಗೆ ಕಳುಹಿಸಿದವರ ಉದ್ದೇಶ. ಮೂರು ನಿಮಿಷಗಳ ತಟ್ಟೆಯು ನಮ್ಮ ಸಂಗೀತದ ವಿಸ್ತಾರವನ್ನು ಮೊಟಕುಗೊಳಿಸಿತೆಂಬುದೂ ನಿಜ. ಆದರೆ ಲಾಭವೊಂದನ್ನೇ ಕಂಡಿದ್ದರೆ ಅವನು ಮೇಲಧಿಕಾರಿಗಳ ಮಾತಿನಂತೆ ಕರೂಸೋನನ್ನು ಬಿಟ್ಟು ಬರುತ್ತಿದ್ದನು; ಸಾಯುವ ಮಿತ್ರನ ಹಾಸಿಗೆಯ ಬಳಿ ಕುಳಿತಿರುತ್ತಿರಲಿಲ್ಲ. ವ್ಯಾಪಾರವು ಅವನಿಗೆ ದಾರಿಯನ್ನು ತೋರಿತು. ಆ ದಾರಿಯಲ್ಲಿ ಏನನ್ನು ಆರಿಸಿಕೊಳ್ಳಬೇಕೆಂಬುದನ್ನು ಅವನ ಕಿವಿ ತೋರಿತು. ಕಲಾವಿದನ ದನಿಯ ನಿಜವಾದ ಚಿತ್ರವನ್ನು ತೆಗೆಯುವುದಷ್ಟೇ ತನ್ನ ಕೆಲಸವೆಂದು ಅವನು ಭಾವಿಸಿದ್ದನು. ಅದರಲ್ಲಿ ತನ್ನ ಜಾಣತನವನ್ನು ಮೆರೆಸಲು ಎಂದೂ ಬಯಸಲಿಲ್ಲ.

ಅವನು ಮುದ್ರಿಸಿದ ತಟ್ಟೆಗಳ ಚೀಟಿಗಳ ಮೇಲೆ ಹಾಡಿದವರ ಹೆಸರಿದೆ, ರಚಿಸಿದವರ ಹೆಸರಿದೆ, ಕಂಪನಿಯ ಹೆಸರಿದೆ, ಅವನ ಹೆಸರಿಲ್ಲ. ಚೀಟಿಯ ಅಂಚಿನಲ್ಲಿ ಕೊರೆದ ಸಂಖ್ಯೆಯ ಪಕ್ಕದಲ್ಲಿ, ಧ್ವನಿಮುದ್ರಕನು ಯಾರೆಂಬುದನ್ನು ಸೂಚಿಸುವ ಪುಟ್ಟದೊಂದು ಅಕ್ಷರ ಮಾತ್ರ ಇರುತ್ತಿತ್ತು. ತಾನು ಮೌನವಾಗಿದ್ದು ಇತರರ ದನಿಗಳನ್ನು ಉಳಿಸಿದವನಿಗೆ ಅಷ್ಟೇ ಸಾಕಾಗಿತ್ತು.